ಪಟ್ಟದ ಗೊಂಬೆಗಳ ಸುಖಾಂಕ

2061ನೇ ಇಸವಿ ಅಕ್ಟೋಬರ್ 14, ಶುಕ್ರವಾರ, ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ, ಮೈಸೂರಿನ ಒಂಟಿಕೊಪ್ಪಲಿನ ಮನೆಯೊಂದರ ನಡುಮನೆಯಲ್ಲಿ, ಹುರಿಗಡಲೆ ಎಂಬ ಮೊಲ ತನ್ನ ವಾಸಕ್ಕೆ ಇನ್ನೊಂದು ಕೋಣೆ ಕಟ್ಟಿಸಿಕೊಂಡಿತು.

ಅದು ಮಾಡಿದ್ದು ಇಷ್ಟೆ. ಪಂಜರದ ಬಲಗೋಡೆಯ ಬಳಿ ಹೋಗಿ, ಹಿಂಗಾಲಿನಿಂದ ನೆಲವನ್ನು ಎರಡು ಸಲ ಬಡಿದು, ಕಿವಿಗಳನ್ನು ಬೆನ್ನಿಗೆ ಒರಗಿಸಿ ಕೂತಿತು. ಗೋಡೆ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಗೋಡೆಯ ಬಿಲ್ಲೆಗಳು ಒಂದರ ಕೈಯನ್ನು ಒಂದು ಬಿಟ್ಟು, ಕಟಕಟ ಸದ್ದು ಮಾಡುತ್ತ ಹೊರಕ್ಕೆ ಸರಿದು, ಹೊಸ ಮೂಲೆಯೊಂದನ್ನು ಸುತ್ತುಗಟ್ಟಿದವು. ಕೆಲವು ಬಿಲ್ಲೆಗಳು ಮೇಲೆ ಹತ್ತಿ ಸೂರಾದವು. ಮೊಲ ಒಳಗೆ ಹೋಗಿ ನಾಲ್ಕೂ ಕಡೆ ಮೂಸಿ, ಒಪ್ಪಿಗೆಯ ಗುರುತಾಗಿ ಒಂದಷ್ಟು ಹಿಕ್ಕೆ ಉದುರಿಸಿತು.

"ನೋಡಿದ್ರಾ ಸಾರ್?" ಎಂದಳು ಡಾ. ಇಂಚರಾ. ಪಂಜರವನ್ನು ಕಂಡುಹಿಡಿದವಳು ಅವಳೇ.

"ನೋಡಿದೆ. ಪ್ಲಾನ್ ಮಂಜೂರಾಗದೇ ಹೆಚ್ಚುವರಿ ಕೋಣೆ ಕಟ್ಟಿದೆ" ಎಂದ ಶ್ರೇಯಾಂಕ್. ಅವನು ಸಾಕುಪ್ರಾಣಿ ವಸತಿಗೆ ಪರವಾನಗಿ ಕೊಡುವ ಕಚೇರಿಯ ಪರೀಕ್ಷಕ. ಹಿಂದೆ ಮನೆ ಕಟ್ಟುವವರ ನಕಾಶೆಗಳನ್ನು ತಿರಸ್ಕರಿಸುವ ವಿಭಾಗದಲ್ಲಿದ್ದ. ಅಲ್ಲಿಯ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ಹಾಸ್ಯ ಮಾಡಿದಾಗಲೂ ಅವನ ಮುಖ ಮುದ್ರೆ ಒತ್ತುವಂತೆಯೇ ಇರುತ್ತಿತ್ತು.

ಇಂಚರಾಳ ಪಂಜರದ ಮೂಲವಸ್ತು ಬಿಲ್ಲೆ: ಅಂಗೈ ಅಗಲದ, ಚೌಕನೆಯ, ಜರಡಿಯಂತೆ ತೂತುಗಳಿರುವ ತೆಳು ಹಲಗೆ. ಅದರ ನಾಲ್ಕು ಅಂಚಿನಲ್ಲೂ ಸಣ್ಣ ಅಯಸ್ಕಾಂತಗಳು ಮತ್ತು ಅಕ್ಕಿಕಾಳಿನಷ್ಟು ಮೋಟರುಗಳು. ಎರಡು ಬಿಲ್ಲೆಗಳು ಅಂಚಿಗೆ ಅಂಚು ಹಿಡಿದುಕೊಳ್ಳಬಲ್ಲವು, ಬಿಡಬಲ್ಲವು, ಒಂದರ ಮೇಲೊಂದು ಹತ್ತಬಲ್ಲವು. ನೆಲಕ್ಕೆ ಹಾಸಿದ ಬಿಲ್ಲೆಗಳು ಮೇಲೆ ನಿಂತ ಪ್ರಾಣಿಯ ತೂಕವನ್ನೂ, ಪಾದದ ಮೂಲಕ ಬರುವ ಎದೆಬಡಿತದ ನವಿರು ಕಂಪನವನ್ನೂ ಗ್ರಹಿಸುತ್ತವೆ. ಇವನ್ನೆಲ್ಲ ಕೂಡಿಸಿ ಪಂಜರ ಒಂದು ಅಂಕ ಕೊಡುತ್ತದೆ. ನೂರಕ್ಕೆ ಇಷ್ಟು ಎಂದು ಬರುವ ಆ ಅಂಕಕ್ಕೆ ಇಂಚರಾ ಇಟ್ಟ ಹೆಸರು ಸುಖಾಂಕ. ಅಂಕ ಇಳಿದರೆ ಪಂಜರ ತನ್ನ ಆಕಾರ ಬದಲಿಸಿ ನೋಡುತ್ತದೆ: ಜಾಗ ಹಿಗ್ಗಿಸುತ್ತದೆ, ಸೂರು ತಗ್ಗಿಸುತ್ತದೆ, ಅಡಗುವುದಕ್ಕೆ ಕತ್ತಲ ಮೂಲೆ ಮಾಡಿಕೊಡುತ್ತದೆ. ಏರುವವರೆಗೂ ಬಿಡುವುದಿಲ್ಲ.

ಪಂಜರಕ್ಕೆ ಅವಳು ಕಲಿಸಿದ ಮುಖ್ಯ ಪಾಠ ಒಂದೇ. ಬೇಟೆಗೆ ಬೀಳುವ ಸಣ್ಣ ಪ್ರಾಣಿಗಳು ಸಂಕಟವನ್ನು ಕೂಗಿ ಹೇಳುವುದಿಲ್ಲ. ಕೂಗಿದರೆ ಹದ್ದಿಗೆ ತಿಳಿಯುತ್ತದೆ. ಅವು ಸುಮ್ಮನಾಗುತ್ತವೆ. ಆದ್ದರಿಂದ ಗಲಾಟೆ ಮಾಡುವ ಮೊಲಕ್ಕಿಂತ ಅಲುಗಾಡದೆ ಕೂತ ಮೊಲದ ಕಡೆ ಪಂಜರ ಹೆಚ್ಚು ಗಮನ ಕೊಡಬೇಕು.

ಪರೀಕ್ಷೆಯ ಷರತ್ತೂ ಸರಳವೇ. ದಸರಾ ರಜೆಗೆ ಊರು ಬಿಟ್ಟವರು ಒಪ್ಪಿಸಿ ಹೋದ ಮೊಲ, ಗಿನಿಯಿಲಿ, ಹ್ಯಾಮ್‌ಸ್ಟರುಗಳು ಪಂಜರದ ಅತಿಥಿಗಳು. ಹತ್ತು ದಿನ ಪಂಜರ ತನ್ನಷ್ಟಕ್ಕೆ ನಡೆಯಬೇಕು. ಅರ್ಜಿದಾರರ ಕೈ ಒಂದು ಬಿಲ್ಲೆಗೂ ತಾಗಬಾರದು. ವಿಜಯದಶಮಿಯ ಸಂಜೆ ಆರಕ್ಕೆ ಪ್ರತಿ ಅತಿಥಿಯ ಸುಖಾಂಕ ನಲವತ್ತಾದರೂ ಇರಬೇಕು. ಇಂಚರಾ ಇದಕ್ಕೆ ಮೊದಲು ಎರಡು ಬಾರಿ ಸೋತಿದ್ದಳು. ಮೂರಕ್ಕಿಂತ ಹೆಚ್ಚು ಅವಕಾಶ ಯಾರಿಗೂ ಇಲ್ಲ. ಸೋತರೆ ಆರು ವರ್ಷದ ಕೆಲಸ ಗುಜರಿಗೆ, ಹುರಿಗಡಲೆ ಹಳೆಯ ತಂತಿ ಪೆಟ್ಟಿಗೆಗೆ.

"ಇನ್ನು ಮುಟ್ಟಬೇಡಿ" ಎಂದು ಹೇಳಿ ಶ್ರೇಯಾಂಕ್ ಸ್ಕೂಟರ್ ಹತ್ತಿದ. ಇಂಚರಾ ಸ್ನಾನಕ್ಕೆ ಹೋದಳು. ಅವಳು ಮಾಡಿದ ತಪ್ಪು ಇದ್ದರೆ ಆ ಸ್ನಾನವೊಂದೇ.

ಮರಳಿ ಬಂದಾಗ ನಡುಮನೆಯಲ್ಲಿ ಊದುಬತ್ತಿಯ ವಾಸನೆ. ಕಿಟಕಿಯ ಬಳಿ ಮನೆಯೊಡತಿ ರಕ್ಷಿತಮ್ಮ, ಅರವತ್ತೇಳು ವರ್ಷದವರು, ರೇಷ್ಮೆ ಸೀರೆಯುಟ್ಟು, ಎರಡು ಹೆಜ್ಜೆ ಹಿಂದೆ ನಿಂತು ತಮ್ಮ ಕೈಕೆಲಸವನ್ನು ಮೆಚ್ಚುತ್ತಿದ್ದರು. ಬಿಡುವಾಗಿರುವ ಬಿಲ್ಲೆಗಳು ಬಿಸಿಲಿನಿಂದ ವಿದ್ಯುತ್ ತುಂಬಿಕೊಳ್ಳಲೆಂದು ಕಿಟಕಿಯ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಪೇರಿಕೊಂಡಿದ್ದವು. ಅವುಗಳ ಮೇಲೆ ಈಗ ಬಿಳಿಯ ಬಟ್ಟೆ, ಬಟ್ಟೆಯ ಮೇಲೆ ಕಲಶ, ಶೆಟ್ಟಿ ಶೆಟ್ಟಿತಿಯ ಅಂಗಡಿ, ಮದುವೆ ದಿಬ್ಬಣ, ಕ್ರಿಕೆಟ್ ತಂಡ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು: ರಕ್ತಚಂದನದ ರಾಜ, ರಾಣಿ.

"ಆಂಟಿ, ಇದೇನು ಮಾಡಿಬಿಟ್ರಿ?"

"ಏನ್ ಮಾಡ್ದೆ? ಗೊಂಬೆ ಕೂರಿಸ್ದೆ. ನಮ್ಮ ಮರದ ಮೆಟ್ಟಿಲಿಗೆ ಗೆದ್ದಲು ಹಿಡಿದಿತ್ತು ಅಂತ ಮೊನ್ನೆ ನಿನ್ನ ಮುಂದೆನೇ ಗೋಳಾಡ್ದೆನಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ ಲೆಕ್ಕ ಹಾಕಿದ ಹಾಗೆ ಒಂಬತ್ತು ಮೆಟ್ಟಿಲು! ಹೇಳಿದ್ರೆ ಬೇಡ ಅಂತೀನಿ ಅಂತ ಸುಮ್ಮನೆ ಕಟ್ಟಿಟ್ಟಿದೀಯ ಅಂದ್ಕೊಂಡೆ. ಎಂಥ ಒಳ್ಳೆ ಹುಡುಗಿ ಅಂತ ಫೋನ್ ಮಾಡಿ ನಮ್ಮಕ್ಕಂಗೂ ಹೇಳ್ದೆ."

"ಅದು ಪಂಜರ ಆಂಟಿ!"

"ಇರಲಿ ಬಿಡೇ. ಬಟ್ಟೆ ಹಾಕಿದೀನಲ್ಲ, ಯಾರಿಗೂ ಗೊತ್ತಾಗಲ್ಲ."

ಯಾರಿಗೆ ಗೊತ್ತಾಗದಿದ್ದರೂ ಪಂಜರಕ್ಕೆ ಗೊತ್ತಾಯಿತು. ಉಳಿದ ಗೊಂಬೆಗಳು ಈಚಿನ ಕಾಲದ ಟೊಳ್ಳು ಗೊಂಬೆಗಳು. ಪಂಜರದ ಲೆಕ್ಕದಲ್ಲಿ ಅವು ಹುಲ್ಲು. ಕಲಶ ತುಂಬ ಭಾರ, ಅದರೊಳಗೆ ನೀರು; ಅದನ್ನು ಕುಡಿಯುವ ನೀರೆಂದು ಬರೆದುಕೊಂಡಿತು. ಆದರೆ ರಾಜ, ರಾಣಿ ರಕ್ಷಿತಮ್ಮನ ಅಜ್ಜಿಯ ಕಾಲದ ಗಟ್ಟಿ ಮರದವರು. ಒಬ್ಬೊಬ್ಬರ ತೂಕವೂ ದಷ್ಟಪುಷ್ಟ ಗಿನಿಯಿಲಿಯಷ್ಟು. ಇಂಚರಾಳ ಕಂಪ್ಯೂಟರಿನ ಪರದೆಯ ಮೇಲೆ ಎರಡು ಹೊಸ ಹೆಸರುಗಳು ಮೂಡಿದವು: ಹನ್ನೆರಡನೆಯ ಅತಿಥಿ, ಹದಿಮೂರನೆಯ ಅತಿಥಿ. ಅಲುಗಾಟ ಇಲ್ಲ. ಆಹಾರ ಮುಟ್ಟಿಲ್ಲ. ಎದೆಬಡಿತ ಸಿಗುತ್ತಿಲ್ಲ. ಸುಖಾಂಕ ಸೊನ್ನೆ.

ಎದೆಬಡಿತವೇ ಇಲ್ಲದ ಮೇಲೆ ಪ್ರಾಣಿಯಲ್ಲ ಎಂದು ಪಂಜರ ತೀರ್ಮಾನಿಸಬಾರದೇ? ಬಾರದು. ಹಾಗೆ ತಡೆದವಳೂ ಇಂಚರಾಳೇ. ಹಿಂದಿನ ವರ್ಷ ಜೀರಿಗೆ ಎಂಬ ಹ್ಯಾಮ್‌ಸ್ಟರ್ ಎ.ಸಿ. ಕೋಣೆಯ ತಂಪಿಗೆ ಚಳಿನಿದ್ದೆಗೆ ಜಾರಿತ್ತು. ಆ ನಿದ್ದೆಯಲ್ಲಿ ಎದೆಬಡಿತ ಎಷ್ಟು ನಿಧಾನವಾಗುತ್ತದೆಂದರೆ ಆಗಿನ ಬಿಲ್ಲೆಗಳು ಅದು ಸತ್ತಿತೆಂದು ಸಾರಿದವು. ಮನೆಯವರು ಅತ್ತು, ತೋಟದಲ್ಲಿ ಗುಂಡಿ ತೋಡಿ, ಹೂವು ಹಾಕುವಾಗ ಜೀರಿಗೆ ಆಕಳಿಸಿತು. ಅಂದಿನಿಂದ ಸಾವನ್ನು ಸಾರುವ ಅಧಿಕಾರವನ್ನು ಅವಳು ಪಂಜರದಿಂದ ಕಿತ್ತುಕೊಂಡಿದ್ದಳು. ಈಗ ಪಂಜರದ ದೃಷ್ಟಿಯಲ್ಲಿ ಜಗತ್ತಿನಲ್ಲಿ ಸತ್ತವರು ಯಾರೂ ಇಲ್ಲ. ತುಂಬ ನೊಂದವರಿದ್ದಾರೆ, ಅಷ್ಟೆ.

"ಆಂಟಿ, ಆ ಎರಡು ಗೊಂಬೆ ಮಾತ್ರ ತೆಗೀರಿ, ಪ್ಲೀಸ್. ನಾನು ಮುಟ್ಟೋ ಹಾಗಿಲ್ಲ. ನೀವು ಅರ್ಜಿದಾರರಲ್ಲ, ನೀವು ಮುಟ್ಟಬಹುದು."

ರಕ್ಷಿತಮ್ಮ ಕೈಯಲ್ಲಿದ್ದ ಆರತಿ ತಟ್ಟೆಯನ್ನು ಕೆಳಗಿಟ್ಟರು. "ಪಾಡ್ಯದ ದಿನ ಪಟ್ಟಕ್ಕೆ ಕೂರಿಸಿ, ಪಾಡ್ಯದ ದಿನವೇ ಇಳಿಸೋದಾ? ನಿಂಗೆ ಯಾರಾದ್ರೂ ಹೇಳಿಕೊಟ್ಟಿದ್ದಾರೇನೇ? ದಶಮಿ ಸಂಜೆ ದೀಪ ಹಚ್ಚಿ, ಆರತಿ ಎತ್ತಿ, ಮಲಗಿಸೋ ತನಕ ಅವರನ್ನ ಯಾರೂ ಅಲ್ಲಾಡಿಸೋ ಹಾಗಿಲ್ಲ. ನಮ್ಮತ್ತೆ ಕಾಲದಲ್ಲಿ ಮನೆಗೆ ಕಳ್ಳ ನುಗ್ಗಿದಾಗಲೂ ಅಲ್ಲಾಡಿಸಿಲ್ಲ."

ಹೀಗೆ ಎರಡು ಕಾನೂನುಗಳು ಎದುರುಬದುರು ನಿಂತವು. ಒಂದರ ಪ್ರಕಾರ ಇಂಚರಾ ಬಿಲ್ಲೆಯನ್ನು ಮುಟ್ಟುವಂತಿಲ್ಲ. ಇನ್ನೊಂದರ ಪ್ರಕಾರ ರಕ್ಷಿತಮ್ಮ ಗೊಂಬೆಯನ್ನು ಮುಟ್ಟುವಂತಿಲ್ಲ. ಎರಡಕ್ಕೂ ವಿಜಯದಶಮಿಯೇ ಗಡುವು.

ಆ ದಿನದಿಂದ ಇಂಚರಾ ಪಂಜರದೆದುರು ಕುರ್ಚಿ ಹಾಕಿಕೊಂಡು ಕೂತಳು. ಮಾಡುವುದಕ್ಕೇನೂ ಇರಲಿಲ್ಲ, ನೋಡುವುದಷ್ಟೆ. ಆದರೆ ನೋಡದಿದ್ದರೆ ಏನೋ ಆಗಿಬಿಡುತ್ತದೆಂಬ ಭಯ. ಊಟ ಅಲ್ಲೇ, ತೂಕಡಿಕೆ ಅಲ್ಲೇ. ಪಂಜರ ಯಾವ ಕಡೆಗೆ ಬೇಕಾದರೂ ಬೆಳೆಯಲೆಂದು ನಡುಮನೆಯ ಉದ್ದಗಲಕ್ಕೂ ಚಾಪೆಯ ಕೆಳಗೆ ನೆಲಬಿಲ್ಲೆಗಳನ್ನು ಅವಳು ಮೊದಲೇ ಹಾಸಿದ್ದಳು. ಕುರ್ಚಿಯೂ ಅವುಗಳ ಮೇಲೆಯೇ ನಿಂತಿತ್ತು.

ಪಂಜರ ಪಟ್ಟದ ದಂಪತಿಗಳ ಸೇವೆಗೆ ಟೊಂಕ ಕಟ್ಟಿತು. ಮೊದಲ ದಿನ ಅವರ ಸುತ್ತ ಗೋಡೆ ಎಬ್ಬಿಸಿ ಗಾಳಿ ತಡೆಯಿತು. ಎರಡನೆಯ ದಿನ ರಾಜನ ಹಿಂದೆ ಕತ್ತಲ ಗುಹೆಯೊಂದನ್ನು ಕಟ್ಟಿ, ಬೇಕಾದರೆ ಅಡಗಿಕೊಳ್ಳಲಿ ಎಂದು ಕಾಯಿತು. ರಾಜ ಅಡಗಲಿಲ್ಲ. ಜಾಗ ಸಾಲದೇನೋ ಎಂದು ಮೆಟ್ಟಿಲನ್ನು ಜಗಲಿಯಾಗಿ, ಜಗಲಿಯನ್ನು ಹಜಾರವಾಗಿ ಹಿಗ್ಗಿಸಿತು. ಒಂಟಿತನ ಕಾಡುತ್ತಿರಬಹುದೆಂದು ಹುರಿಗಡಲೆಯ ಕೋಣೆಯಿಂದ ಅಲ್ಲಿಗೊಂದು ಸುರಂಗ ಕೊರೆಯಿತು. ಹುರಿಗಡಲೆ ಆ ದಾರಿಯಲ್ಲಿ ಬಂದು ಶೆಟ್ಟಿಯ ಅಂಗಡಿಯ ಅಕ್ಕಿ, ಬೇಳೆಯನ್ನೆಲ್ಲ ಖಾಲಿ ಮಾಡಿ, ರಾಣಿಯ ಸೆರಗಿನ ಜರಿ ಕಿತ್ತು, ರಾಜನ ಕಾಲಬಳಿ ಮಲಗಿತು.

ಸಂಜೆ ಗೊಂಬೆ ನೋಡಲು ಬೀದಿಯ ಹೆಂಗಸರು, ಮಕ್ಕಳು ಬಂದರು. ಮಕ್ಕಳಿಗೆ ಚರ್ಪು, ಅಂದರೆ ಕಡಲೆ ಉಸಲಿ, ಕೊಬ್ಬರಿ ಮಿಠಾಯಿ ಹಂಚಿ, ರಕ್ಷಿತಮ್ಮ ಇಂಚರಾಳ ಕುರ್ಚಿಯ ಕೈಮೇಲೂ ಒಂದು ತಟ್ಟೆ ಇಟ್ಟರು.

"ರಕ್ಷಿತಾ, ನಿನ್ನೆ ಇಷ್ಟು ದೊಡ್ಡ ಅರಮನೆ ಇರಲಿಲ್ಲವಲ್ಲೇ!" ಎಂದರು ನೆರೆಮನೆಯಾಕೆ.

"ದಿನಾ ಬೆಳೆಯುತ್ತೆ" ಎಂದರು ರಕ್ಷಿತಮ್ಮ, ತಾವೇ ನೀರೆರೆದು ಬೆಳೆಸಿದವರಂತೆ. "ನಮ್ಮ ಬಾಡಿಗೆ ಹುಡುಗಿ ಡಾಕ್ಟರು. ನನಗೋಸ್ಕರ ಮಾಡಿಕೊಟ್ಟಿದ್ದಾಳೆ. ಮೊಲಾನೂ ಅವಳದೇ ಐಡಿಯಾ."

ಇಂಚರಾ ನಗಲಿಲ್ಲ. ಪರದೆಯಲ್ಲಿ ಸೊನ್ನೆ ಸೊನ್ನೆಯಾಗಿಯೇ ಇತ್ತು. ಉಸಲಿ ತಣ್ಣಗಾಯಿತು.

ಇನ್ನೊಂದು ಸಣ್ಣ ಕಿರಿಕಿರಿಯೂ ಸೇರಿಕೊಂಡಿತ್ತು. ಅವಳು ಜೊಂಪು ಹತ್ತಿ ಎಚ್ಚೆತ್ತಾಗಲೆಲ್ಲ ಕುರ್ಚಿ ಒಂದು ಗೇಣು ಬಾಗಿಲ ಕಡೆಗೆ ಸರಿದಿರುತ್ತಿತ್ತು. ಮತ್ತೆ ಎಳೆದುಕೊಂಡು ಮೊದಲಿನ ಜಾಗದಲ್ಲೇ ಕೂರುತ್ತಿದ್ದಳು.

"ಆಂಟಿ, ಈ ಮನೆಯ ನೆಲ ಇಳಿಜಾರಿದೆಯಾ?"

"ಇಳಿಜಾರಾ? ನಮ್ಮ ಮಾವ ರಸಮಟ್ಟ ಹಿಡಿದು ಕೂತು ಹಾಕಿಸಿದ ನೆಲ ಇದು. ಗೋಲಿ ಇಟ್ಟರೆ ಅಲ್ಲಾಡಲ್ಲ. ಇಳಿಜಾರಿರೋದು ನಿನ್ನ ತಲೆ. ಆ ಉಸಲಿ ತಿನ್ನು ಮೊದಲು."

ಐದನೆಯ ದಿನ ಶ್ರೇಯಾಂಕ್ ನಡುಪರೀಕ್ಷೆಗೆ ಬಂದ. ಹನ್ನೊಂದು ಪ್ರಾಣಿಗಳ ಸುಖಾಂಕ ತೊಂಬತ್ತರ ಆಸುಪಾಸಿನಲ್ಲಿತ್ತು. ಅವನ ಹುಬ್ಬು ಮೆಚ್ಚುಗೆಯಿಂದ ಸ್ವಲ್ಪ ಏರಿ, ಪಟ್ಟಿಯ ಕೊನೆಗೆ ಬಂದು ಇಳಿಯಿತು.

"ಈ ಇಬ್ಬರು ಯಾರು ಮೇಡಂ?"

"ಗೊಂಬೆಗಳು ಸಾರ್. ನೀವೇ ನೋಡಿ."

ಶ್ರೇಯಾಂಕ್ ಹಜಾರದ ಮುಂದೆ ಬಗ್ಗಿ ರಾಜನನ್ನು ನೋಡಿದ. "ಗೊಂಬೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ನಿಮ್ಮ ಪಂಜರ ಅತಿಥಿ ಅಂತ ದಾಖಲು ಮಾಡಿದೆ. ಇವತ್ತು ಇದನ್ನ ನಾನು ಹೊಡೆದುಹಾಕಿದರೆ, ನಾಳೆ ಪ್ರತಿಯೊಬ್ಬ ಕಂಪನಿಯವನೂ ಸೊರಗಿದ ಮೊಲ ತೋರಿಸಿ, 'ಸಾರ್, ಅದು ಗೊಂಬೆ' ಅಂತಾನೆ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ಇಂಚರಾಳಿಗೆ ಹೆಚ್ಚು ನೋವು ಕೊಟ್ಟಿತು.

"ಹೊರಟುಹೋದ ಅತಿಥಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲ್ಲ" ಎಂದು ಶ್ರೇಯಾಂಕ್ ಸೇರಿಸಿದ. "ಆರು ಗಂಟೆಯೊಳಗೆ ಅವರವರ ಮನೆಯವರು ಬಂದು ಕರೆದುಕೊಂಡು ಹೋದರೆ ಸರಿ."

"ಇವರ ಮನೆಯವರು ಆರೂ ಕಾಲಿಗೆ ಕರೆದುಕೊಂಡು ಹೋಗ್ತಾರಂತೆ. ದೀಪ ಹಚ್ಚಿದ ಮೇಲೆ."

"ಹದಿನೈದು ನಿಮಿಷ ತಡ" ಎಂದ ಶ್ರೇಯಾಂಕ್, ಪ್ರಾಮಾಣಿಕ ವಿಷಾದದಿಂದ.

ವಿಜಯದಶಮಿಯ ದಿನ ಊರೆಲ್ಲ ಜಂಬೂಸವಾರಿಗೆ ಹೋಗಿತ್ತು. ದೂರದಿಂದ ಕುಶಾಲತೋಪಿನ ಸದ್ದು ಕೇಳಿತು, ಗಿನಿಯಿಲಿಗಳು ಬೆದರಿದವು, ಪಂಜರ ಅವುಗಳ ಗೋಡೆಯನ್ನು ದುಪ್ಪಟ್ಟು ಮಾಡಿ ಸಮಾಧಾನಪಡಿಸಿತು. ಐದೂವರೆಗೆ ಶ್ರೇಯಾಂಕ್ ಬಂದು ಸ್ಟೂಲಿನ ಮೇಲೆ ಕೂತ. ಇಂಚರಾ ಕುರ್ಚಿಯಲ್ಲಿದ್ದಳು. ಕಣ್ಣ ಕೆಳಗೆ ಕಪ್ಪು. ಮುಡಿ ಕಟ್ಟಿ ಯಾವ ಕಾಲವಾಗಿತ್ತೋ. ಕುರ್ಚಿಯ ಕೈಮೇಲೆ ಅಂದಿನ ಚರ್ಪಿನ ತಟ್ಟೆ, ಮುಟ್ಟದೆ.

ರಕ್ಷಿತಮ್ಮ ಆ ತಟ್ಟೆಯನ್ನೊಮ್ಮೆ ನೋಡಿದರು, ಅವಳ ಮುಖವನ್ನೊಮ್ಮೆ ನೋಡಿದರು. ಹೋಗಿ ಕಿಟಕಿಯ ಪರದೆಗಳನ್ನು ಎಳೆದರು. ಬಾಗಿಲು ಮುಂದೆ ಮಾಡಿದರು. ನಡುಮನೆ ಮಬ್ಬಾಯಿತು.

"ಆಂಟಿ, ಏನ್ ಮಾಡ್ತಿದೀರಿ?"

"ಕಾಣಲ್ವಾ? ಕತ್ತಲಾಯ್ತು. ದೀಪ ಹಚ್ತಿದೀನಿ." ದೀಪ ಹಚ್ಚಿ, ಗಂಟೆ ಬಾರಿಸಿ, ಗೊಂಬೆಗಳ ಮುಂದೆ ಬಗ್ಗಿದರು. "ಏನಪ್ಪಾ ಮಹಾರಾಜ, ಇವತ್ತು ಸವಾರಿ, ತೋಪು, ಎಲ್ಲ ಆಗಿ ದಣಿದಿದ್ದೀಯ. ಸ್ವಲ್ಪ ಬೇಗ ಮಲಗ್ತೀಯಾ?" ಉತ್ತರಕ್ಕೆ ಕಾದು, ಶ್ರೇಯಾಂಕನ ಕಡೆ ತಿರುಗಿದರು. "ಹೂಂ ಅಂದ್ರು. ನೀವೂ ಕೇಳಿಸಿಕೊಂಡ್ರಲ್ಲ?"

"ನನಗೆ ಕೇಳಿಸಲಿಲ್ಲ ಅಮ್ಮ" ಎಂದ ಶ್ರೇಯಾಂಕ್. ಪರದೆಯ ಕಡೆ ತಿರುಗಿ, "ಆದರೆ ಅದು ನನ್ನ ಇಲಾಖೆಗೆ ಬರಲ್ಲ" ಎಂದ.

ಆರತಿಯಾಯಿತು. ರಕ್ಷಿತಮ್ಮ ರಾಜ, ರಾಣಿಯನ್ನು ಎರಡು ಕೈಯಿಂದ ಎತ್ತಿ, ಒಳಕೋಣೆಯ ಮಣೆಯ ಮೇಲೆ ಹಾಸಿದ ಕಸೂತಿ ಬಟ್ಟೆಯಲ್ಲಿ ಮಲಗಿಸಿ ಹೊದಿಸಿದರು. ಪರದೆಯ ಮೇಲೆ ಹನ್ನೆರಡು, ಹದಿಮೂರನೆಯ ಅತಿಥಿಗಳ ಹೆಸರಿನ ಮುಂದೆ 'ಹೊರಟರು' ಎಂದು ಬಿತ್ತು. ಐದು ಗಂಟೆ ನಲವತ್ತೊಂಬತ್ತು ನಿಮಿಷ. ಇಂಚರಾ ಉಸಿರು ಬಿಟ್ಟಳು.

ಆಗ ಹಜಾರ ಕುಸಿಯಿತು. ಕುಸಿಯಿತು ಎನ್ನುವುದಕ್ಕಿಂತ ಬಿಡುಗಡೆಯಾಯಿತು ಎನ್ನಬೇಕು. ಒಂಬತ್ತು ದಿನ ಪಟ್ಟದ ಗೊಂಬೆಗಳ ಸೇವೆಯಲ್ಲಿ ಸಿಕ್ಕಿಬಿದ್ದಿದ್ದ ಇನ್ನೂರಕ್ಕೂ ಹೆಚ್ಚು ಬಿಲ್ಲೆಗಳು, ಉಳಿದ ಗೊಂಬೆಗಳನ್ನು ಮೆಲ್ಲಗೆ ಬಟ್ಟೆ ಸಮೇತ ನೆಲಕ್ಕಿಳಿಸಿ, ಕೈಬಿಟ್ಟು ಕೆಳಗಿಳಿದವು. ಕಿಟಕಿಯ ಕೆಳಗೆ ಮೆಟ್ಟಿಲಾಗಿ ಪೇರಿಕೊಳ್ಳಬೇಕಿತ್ತು. ಪೇರಿಕೊಳ್ಳಲಿಲ್ಲ. ಹುರಿಗಡಲೆಯನ್ನು ದಾಟಿದವು, ಗಿನಿಯಿಲಿಗಳನ್ನು ದಾಟಿದವು, ಕಟಕಟ ಕಟಕಟ ಎನ್ನುತ್ತ ನೇರ ಇಂಚರಾಳ ಕುರ್ಚಿಯ ಕೆಳಗೆ ನುಗ್ಗಿದವು.

ಕುರ್ಚಿ ಎದ್ದಿತು.

"ಅಯ್ಯೋ! ಇದು... ಸಾರ್, ನಾನು ಮುಟ್ಟಿಲ್ಲ!" ಇಂಚರಾ ಎರಡೂ ಕಾಲು ಮೇಲಕ್ಕೆತ್ತಿ ಚಕ್ಕಳಮಕ್ಕಳ ಹಾಕಿಕೊಂಡು, ಕೈಗಳನ್ನು ತಲೆಯ ಮೇಲೆ ಎತ್ತಿ ಹಿಡಿದಳು. ಒಂದು ಬಿಲ್ಲೆ ಮುನ್ನೂರು ಗ್ರಾಂ ಹೊರಬಲ್ಲದು. ಇನ್ನೂರು ಸೇರಿದರೆ ಕುರ್ಚಿಯ ಸಮೇತ ಅವಳನ್ನು ಹೊರಬಲ್ಲವು ಎಂಬ ಲೆಕ್ಕ ಅವಳಿಗೆ ಗೊತ್ತಿತ್ತು. ಅವು ಹಾಗೆ ಹೊರುತ್ತವೆಂದು ಗೊತ್ತಿರಲಿಲ್ಲ. ಕುರ್ಚಿ ತೂಗುತ್ತ, ತೊನೆಯುತ್ತ, ಬಾಗಿಲ ಕಡೆಗೆ ಹೊರಟಿತು.

"ಬಾಗಿಲು ತೆಗೀರಿ, ಬಾಗಿಲು ತೆಗೀರಿ!" ರಕ್ಷಿತಮ್ಮ ಓಡಿದರು. "ಅಂಬಾರಿ ಹೊರಟಿತು!"

ಕುರ್ಚಿ ಹೊಸ್ತಿಲು ದಾಟಿ ಹೊರಗಿನ ಜಗಲಿಗೆ ಬಂದು, ಸಂಪಿಗೆ ಮರದ ಕೆಳಗಿನ ಗಾಳಿಗೆ ಮುಖ ಮಾಡಿ ನಿಂತಿತು. ಬೀದಿಯಲ್ಲಿ ಜಂಬೂಸವಾರಿ ನೋಡಿ ವಾಪಸಾಗುತ್ತಿದ್ದ ಸಂಸಾರಗಳು ನಿಂತವು. "ಮಮ್ಮಿ, ಇಲ್ಲೂ ಒಂದು ಬಂತು!" ಎಂದು ಯಾವುದೋ ಮಗು ಕೂಗಿತು. ಯಾರೋ ಕೈಮುಗಿದರು.

ಶ್ರೇಯಾಂಕ್ ಮಾತ್ರ ಒಳಗೆ ಪರದೆಯೆದುರು ಪುಟ ತಿರುಗಿಸುತ್ತಿದ್ದ. ಅತಿಥಿಗಳ ಪಟ್ಟಿ ಮುಗಿದ ಮೇಲೆ ಯಾರೂ ಓದದ ಇನ್ನೊಂದು ಪಟ್ಟಿ ಇತ್ತು. ಹತ್ತು ಕಿಲೋಗಿಂತ ಭಾರವಾದದ್ದನ್ನೆಲ್ಲ ಪಂಜರ ಅಲ್ಲಿ ಪೀಠೋಪಕರಣ ಎಂದು ಬರೆದಿಡುತ್ತಿತ್ತು. ಅವನು ಜಗಲಿಗೆ ಬಂದ.

"ಮೇಡಂ, ನಿಮ್ಮ ಕುರ್ಚಿಗೆ ಎದೆಬಡಿತ ಇದೆ."

"ಏನು?"

"ನಿಮಿಷಕ್ಕೆ ನೂರನಾಲ್ಕು. ದಿನವಿಡೀ ಅಲುಗಾಟ ಇಲ್ಲ. ಆಹಾರ ಮುಟ್ಟಿಲ್ಲ. ಸುಖಾಂಕ ಹನ್ನೊಂದು." ಅವನು ಗಂಟಲು ಸರಿಪಡಿಸಿಕೊಂಡ. "ಮೊದಲ ದಿನದಿಂದಲೂ ಪಂಜರ ಇದಕ್ಕೆ ಜಾಗ ಹಿಗ್ಗಿಸೋಕೆ ನೋಡಿದೆ. ಬಿಲ್ಲೆ ಸಾಲದೆ ಆಗಿಲ್ಲ. ಗೇಣು ಗೇಣು ಸರಿಸಿದೆಯಂತೆ. ಯಾರೋ ಪ್ರತಿ ಸಲವೂ ವಾಪಸ್ ಎಳೆದಿದ್ದಾರೆ."

ರಕ್ಷಿತಮ್ಮ ಸೊಂಟಕ್ಕೆ ಕೈಯಿಟ್ಟರು. "ನಮ್ಮ ನೆಲ ಇಳಿಜಾರು ಅಂದೆಯಲ್ಲೇ!"

ಇಂಚರಾಳಿಗೆ ನಗು ಬಂತು. ಬಿಲ್ಲೆಗಳು ಹೊತ್ತ ಕುರ್ಚಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಬೀದಿಯ ಜನರ ಮುಂದೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ರಕ್ಷಿತಮ್ಮ ಒಳಗೆ ಹೋಗಿ ಉಸಲಿಯ ಇನ್ನೊಂದು ತಟ್ಟೆ ತಂದು ತೊಡೆಯ ಮೇಲಿಟ್ಟರು. ಈ ಸಲ ತಿಂದಳು.

"ಪೀಠೋಪಕರಣ ಅಂತ ಬಿಟ್ಟುಬಿಡಬಹುದಿತ್ತಲ್ಲ ಸಾರ್" ಎಂದಳು ಬಾಯಿ ತುಂಬಿಕೊಂಡೇ.

"ಎದೆಬಡಿತ ಇರೋದನ್ನ ಪೀಠೋಪಕರಣ ಅಂತ ಬರೆಯೋಕೆ ನನಗೆ ಆಗಲ್ಲ" ಎಂದ ಶ್ರೇಯಾಂಕ್. "ಹದಿನಾಲ್ಕನೆಯ ಅತಿಥಿ ಅಂತ ಬರೆದಿದ್ದೀನಿ. ಆರು ಗಂಟೆಗೆ ಇನ್ನೂ ಎರಡು ನಿಮಿಷ ಇದೆ. ನಿಧಾನಕ್ಕೆ ತಿನ್ನಿ."

ಆರು ಗಂಟೆಗೆ ಸರಿಯಾಗಿ ಅವನು ಪರದೆಯನ್ನು ನೋಡಿದ. ನಲವತ್ತೊಂದು. ಸಹಿ ಹಾಕಿದ.

ಮುಂದಿನ ವರ್ಷಗಳಲ್ಲಿ ಆ ಪಂಜರ ಬಹಳ ಮನೆಗಳಿಗೆ ಹೋಯಿತು. ಗೊಂಬೆಯನ್ನು ಗೊಂಬೆಯೆಂದು ಗುರುತಿಸುವುದನ್ನು ಇಂಚರಾ ಅದಕ್ಕೆ ಒಂದೇ ವಾರದಲ್ಲಿ ಕಲಿಸಿದಳು. ರಕ್ಷಿತಮ್ಮ ಹೊಸ ಮರದ ಮೆಟ್ಟಿಲು ಮಾಡಿಸಿದರು. ಬೆಳೆಯದ ಮೆಟ್ಟಿಲೆಂದು ನೆರೆಯವರು ಬೇಸರಪಟ್ಟರು. ಕುರ್ಚಿಯ ವಿಷಯದಲ್ಲಿ ಮಾತ್ರ ಇಂಚರಾ ಏನನ್ನೂ ತಿದ್ದಲಿಲ್ಲ. ಹೊತ್ತುಗೊತ್ತಿಲ್ಲದೆ ಒಂದೇ ಕಡೆ ಕೂತವರ ಕುರ್ಚಿ ಇಂದಿಗೂ ಗೇಣು ಗೇಣಾಗಿ ಬಾಗಿಲ ಕಡೆಗೆ ಸರಿಯುತ್ತದೆ. ಹೆಚ್ಚಿನವರು ನೆಲ ಇಳಿಜಾರೆಂದು ದೂರುತ್ತಾರೆ.

ಪರೀಕ್ಷೆಯ ವರದಿಯ ಕೊನೆಯಲ್ಲಿ, ಪ್ರತಿ ಅತಿಥಿ ದಿನವೊಂದಕ್ಕೆ ಬಳಸಿದ ಜಾಗವನ್ನು ಶ್ರೇಯಾಂಕ್ ನಮೂದಿಸಲೇಬೇಕಿತ್ತು. ಹುರಿಗಡಲೆಗೆ 3.20 ಚದರ ಮೀಟರ್. ಈ ಸಲವೂ ಅತಿಥಿಯಾಗಿ ಬಂದಿದ್ದ ಜೀರಿಗೆಗೆ 1.10. ಹದಿನಾಲ್ಕನೆಯ ಅತಿಥಿಯ ಜಾಗವನ್ನು ಅವನು ಎರಡು ಸಲ ಅಳೆದ: ಒಂದು ಕುರ್ಚಿ, ಅದರ ಮುಂದೆ ಎರಡು ಪಾದ ಊರುವಷ್ಟು ನೆಲ. ಕೂತು ಓದುತ್ತಿರುವ ಯಾರು ಬೇಕಾದರೂ ತಮ್ಮ ಸುತ್ತ ಅಳೆದು ನೋಡಬಹುದು. 0.64 ಚದರ ಮೀಟರ್.